ಎಂಟು ಗೆಳೆಯರು, ಒಂದು ಶನಿವಾರ, ಬಸವನಗುಡಿಯ ಹೋಟೆಲ್‌ಗಳು

ಪ್ರಶ್ನೆ: ನಾವು ಎಂಟು ಜನ ಕಾಲೇಜು ಗೆಳೆಯರು, ಈಗ ಬೇರೆ ಬೇರೆ ಊರಿನಲ್ಲಿದ್ದೇವೆ. ವರ್ಷಕ್ಕೊಮ್ಮೆ ಬೆಂಗಳೂರಿನಲ್ಲಿ ಸೇರಿ, ಹಳೆಯ ಹೋಟೆಲ್‌ಗಳಲ್ಲಿ ತಿಂದು ಒಂದು ದಿನ ಕಳೆಯುವ ಆಸೆ. ಹೋದ ವರ್ಷ ಭಾನುವಾರ ಮಲ್ಲೇಶ್ವರ, ಬಸವನಗುಡಿ, ಜಯನಗರ ಅಂತ ಆರು ಹೋಟೆಲ್‌ಗಳ ಪಟ್ಟಿ ಹಿಡಿದು ಹೊರಟೆವು. ಎರಡನೆಯದಕ್ಕೇ ಹೊಟ್ಟೆ ತುಂಬಿತು. ಮೂರನೆಯದು ಬಾಗಿಲು ಹಾಕಿತ್ತು. ನಾಲ್ಕನೆಯದರ ಮುಂದೆ ಒಂದು ಗಂಟೆ ನಿಂತು, ತಿನ್ನದೆ ವಾಪಸಾದೆವು. ನಮ್ಮಲ್ಲಿ ಮೂವರು ಮಾಂಸ ತಿನ್ನುವವರು, ಒಬ್ಬರು ಈರುಳ್ಳಿ-ಬೆಳ್ಳುಳ್ಳಿ ಮುಟ್ಟುವುದಿಲ್ಲ, ಒಬ್ಬರಿಗೆ ಸಕ್ಕರೆ ಕಾಯಿಲೆ. ಈ ಸಲ ಹೇಗೆ ಹೊರಡಬೇಕು?

ಉತ್ತರ: ನೀವು ಎಡವಿದ್ದು ಮೂರು ಕಡೆ: ದಿನ, ದೂರ ಮತ್ತು ಅಳತೆ. ಮೂರನ್ನೂ ಸರಿಮಾಡಿಕೊಂಡರೆ ಅದೇ ಎಂಟು ಜನ, ಅದೇ ಹೊಟ್ಟೆ ಇಟ್ಟುಕೊಂಡು ಬೆಳಗ್ಗೆಯಿಂದ ರಾತ್ರಿಯವರೆಗೆ ನಾಲ್ಕು ಜಾಗದಲ್ಲಿ ಚೆನ್ನಾಗಿ ತಿನ್ನಬಹುದು. ನಾಲ್ಕು ಸಾಕು, ಆರು ಬೇಡ.

ಮೊದಲು ದಿನ. ಬೆಂಗಳೂರಿನ ಹಳೆಯ ತಿಂಡಿ ಹೋಟೆಲ್‌ಗಳು ಮಾಲ್‌ಗಳ ಹಾಗೆ ಏಳು ದಿನವೂ ತೆರೆದಿರುವುದಿಲ್ಲ. ಒಂದೊಂದಕ್ಕೆ ಒಂದೊಂದು ದಿನ ರಜೆ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ ಶುಕ್ರವಾರ, ಲಾಲ್‌ಬಾಗ್ ರಸ್ತೆಯ ಎಂಟಿಆರ್‌ಗೆ ಸೋಮವಾರ, ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ಗೆ ಭಾನುವಾರ. ಕೆಲಸಕ್ಕೆ ಹೋಗುವವರು ಸೇರಲು ಸಾಧ್ಯವಾಗುವ ಎರಡು ದಿನಗಳಲ್ಲಿ ಮೂರೂ ಬಾಗಿಲು ತೆರೆದಿರುವುದು ಶನಿವಾರ ಮಾತ್ರ. ಶನಿವಾರಕ್ಕೆ ಇನ್ನೊಂದು ಅನುಕೂಲವೂ ಇದೆ. ಹಳೇ ಮೈಸೂರು ಕಡೆಯ ಎಷ್ಟೋ ಮನೆಗಳಲ್ಲಿ ಶನಿವಾರ, ಸೋಮವಾರ ಮಾಂಸ ತಿನ್ನುವುದಿಲ್ಲ. ಹಾಗಾಗಿ ಭಾನುವಾರ ಕಾಲಿಡಲಾಗದಷ್ಟು ತುಂಬುವ ಮಿಲಿಟರಿ ಹೋಟೆಲ್‌ಗಳಲ್ಲಿ ಶನಿವಾರ ಉಸಿರಾಡಲು ಜಾಗ ಸಿಗುತ್ತದೆ. ನಿಮ್ಮ ಮೂವರಿಗೆ ಇದು ಒಳ್ಳೆಯ ಸುದ್ದಿ.

ರಜೆಯ ಜೊತೆಗೆ ಮಧ್ಯಾಹ್ನದ ಬಿಡುವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಇವು ತಿಂಡಿಯ ಹೋಟೆಲ್‌ಗಳು. ಬೆಳಗಿನ ಹಿಟ್ಟು ಮುಗಿದ ಮೇಲೆ ಒಲೆ ಆರಿಸಿ, ಹೆಂಚು ತೊಳೆದು, ಕೆಲಸದವರು ಊಟ ಮಾಡಿ ವಿಶ್ರಾಂತಿ ತೆಗೆದುಕೊಳ್ಳುತ್ತಾರೆ. ವಿದ್ಯಾರ್ಥಿ ಭವನ ಬೆಳಗ್ಗೆ ಆರೂವರೆಗೆ ತೆರೆದು ಮಧ್ಯಾಹ್ನ ಮುಚ್ಚುತ್ತದೆ, ಮತ್ತೆ ಎರಡೂವರೆ ಸುಮಾರಿಗೆ ಶುರು. ಬ್ರಾಹ್ಮಿನ್ಸ್ ಕಾಫಿ ಬಾರ್ ಕೂಡ ಮಧ್ಯಾಹ್ನ ಮುಚ್ಚಿ ಮೂರರ ಮೇಲೆ ತೆರೆಯುತ್ತದೆ. ಹನ್ನೆರಡೂವರೆಗೆ ಹೋಗಿ ಬಾಗಿಲು ತಟ್ಟಿದರೆ ಯಾರ ತಪ್ಪೂ ಅಲ್ಲ. ಹಬ್ಬ ಹರಿದಿನಗಳಲ್ಲಿ ಈ ಹೊತ್ತು ಹಿಂದೆಮುಂದೆ ಆಗುವುದುಂಟು, ಆದ್ದರಿಂದ ಹಿಂದಿನ ದಿನ ಒಂದು ಫೋನ್ ಮಾಡಿಕೊಳ್ಳಿ.

ದೂರದ ವಿಷಯ ಚಿಕ್ಕದು. ಮಲ್ಲೇಶ್ವರವನ್ನೂ ಬಸವನಗುಡಿಯನ್ನೂ ಒಂದೇ ದಿನಕ್ಕೆ ಹೊಲಿಯಬೇಡಿ. ಮೆಟ್ರೋದಲ್ಲಿ ಸಂಪಿಗೆ ರಸ್ತೆಯಿಂದ ನ್ಯಾಷನಲ್ ಕಾಲೇಜು ನಾಲ್ಕನೇ ನಿಲ್ದಾಣ, ನಿಜ. ಆದರೆ ಎಂಟು ಜನ ಎದ್ದು, ಬಿಲ್ಲು ಕೊಟ್ಟು, ನಿಲ್ದಾಣಕ್ಕೆ ನಡೆದು, ಇಳಿದು ಮತ್ತೆ ನಡೆಯುವ ಹೊತ್ತಿಗೆ ಒಂದು ಗಂಟೆ ಕಳೆದಿರುತ್ತದೆ, ಅಷ್ಟರಲ್ಲಿ ಅಲ್ಲಿನ ಸಾಲು ಬೀದಿಗೆ ಬಂದಿರುತ್ತದೆ. ಸಿಟಿಆರ್‌ನ ಬೆಣ್ಣೆ ಮಸಾಲೆ ದೋಸೆ, ವೀಣಾ ಸ್ಟೋರ್ಸ್‌ನ ಇಡ್ಲಿ ಇವಕ್ಕೆ ಮಲ್ಲೇಶ್ವರದಲ್ಲೇ ಇನ್ನೊಂದು ದಿನ ಇಡಿ. ಈ ಸಲ ಬಸವನಗುಡಿ, ಶಂಕರಪುರ, ವಿಶ್ವೇಶ್ವರಪುರ. ಎಲ್ಲವೂ ನ್ಯಾಷನಲ್ ಕಾಲೇಜು ಮೆಟ್ರೋ ನಿಲ್ದಾಣದಿಂದ ಕಾಲ್ನಡಿಗೆಯ ದೂರ. ಕಾರು ತರಲೇಬೇಡಿ. ಗಾಂಧಿ ಬಜಾರಿನಲ್ಲಿ ಗಾಡಿ ನಿಲ್ಲಿಸಲು ಜಾಗ ಹುಡುಕುವವರೊಬ್ಬರಿಗಾಗಿ ಏಳು ಜನ ಕಾಯುವುದು, ದೋಸೆ ಆರುವುದು, ಇದು ಪ್ರತಿ ಗುಂಪಿನಲ್ಲೂ ನಡೆಯುತ್ತದೆ. ಊಟ-ಊಟದ ನಡುವಿನ ನಡಿಗೆಯೇ ಮುಂದಿನ ತಟ್ಟೆಗೆ ಹಸಿವು ಕಟ್ಟಿಕೊಡುವುದು ಕೂಡ.

ಇನ್ನು ಅಳತೆ. ಹೊಟ್ಟೆ ಎರಡನೇ ಹೋಟೆಲ್‌ಗೇ ತುಂಬಿದ್ದು ಏಕೆಂದರೆ ಪ್ರತಿಯೊಬ್ಬರೂ ಪ್ರತಿ ಜಾಗದಲ್ಲಿ ಒಂದು ಪೂರ್ತಿ ತಿಂಡಿ, ಒಂದು ಪೂರ್ತಿ ಕಾಫಿ ತೆಗೆದುಕೊಂಡಿರುತ್ತೀರಿ. ತುಪ್ಪ ಹಾಕಿದ ಒಂದು ಮಸಾಲೆ ದೋಸೆ, ಎರಡು ಇಡ್ಲಿ, ಒಂದು ವಡೆ, ಒಂದು ಲೋಟ ಹಾಲು ಕಾಫಿ: ಹೆಚ್ಚಿನವರಿಗೆ ಬೆಳಗಿನ ಮಟ್ಟಿಗೆ ಇಷ್ಟೇ ಶಕ್ತಿ. ಅದನ್ನು ಎರಡು ಜಾಗಕ್ಕೆ ಹಂಚಬೇಕು. ಬೆಂಗಳೂರು ಇದಕ್ಕೆಂದೇ ಒಂದು ಮಾತು ಕಟ್ಟಿಕೊಂಡಿದೆ: ಬೈ ಟು. ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಾಕಿಕೊಡಿ ಎನ್ನಲು ಇಲ್ಲಿ ಯಾರೂ ನಾಚಿಕೊಳ್ಳುವುದಿಲ್ಲ, ಕೊಡುವವರೂ ಮುಖ ಗಂಟಿಕ್ಕುವುದಿಲ್ಲ. ತಿಂಡಿಗೂ ಅದೇ ಬುದ್ಧಿ ಇರಲಿ. ಇನ್ನೊಂದು ನಿಯಮ: ಒಂದು ಹೋಟೆಲ್‌ನಲ್ಲಿ ಆ ಹೋಟೆಲ್ ಯಾವುದಕ್ಕೆ ಹೆಸರಾಗಿದೆಯೋ ಅದನ್ನು ಮಾತ್ರ ತಿನ್ನಿ. ಹಲಗೆಯ ಮೇಲೆ ಪೂರಿ ಸಾಗು ಕಂಡಿತೆಂದು ದೋಸೆಯ ಮನೆಯಲ್ಲಿ ಪೂರಿ ಹೇಳಿದರೆ ಮುಂದಿನ ಜಾಗದ ಇಡ್ಲಿಯ ಸ್ಥಳವನ್ನು ಅದು ತಿಂದುಬಿಡುತ್ತದೆ.

ಬೆಳಗ್ಗೆ ಆರೂಕಾಲಿಗೆಲ್ಲ ವಿದ್ಯಾರ್ಥಿ ಭವನದ ಮುಂದೆ ಇರಿ. ಅದನ್ನೇ ಮೊದಲು ಇಡಲು ಕಾರಣ, ಇಡೀ ದಿನದಲ್ಲಿ ಅತಿ ಉದ್ದದ ಸಾಲು ಅಲ್ಲಿಯದೇ. ಎಂಟು ಗಂಟೆಯ ಮೇಲೆ ಹೆಸರು ಬರೆಸಿ, ಬಾಗಿಲಲ್ಲಿ ಕರೆಯುವವರೆಗೆ ನಿಲ್ಲಬೇಕಾಗುತ್ತದೆ. 1943ರಲ್ಲಿ ಸುತ್ತಲಿನ ವಿದ್ಯಾರ್ಥಿಗಳಿಗಾಗಿ ಶುರುವಾದ ಹೋಟೆಲ್ ಇದು, ಹೆಸರೂ ಹಾಗೇ ಬಂದದ್ದು. ಒಳಗೆ ಜಾಗ ದೊಡ್ಡದಲ್ಲ. ಎಂಟು ಜನ ಒಟ್ಟಿಗೇ ಕೂರಬೇಕು ಎಂದು ಹಟ ಹಿಡಿದರೆ ಎರಡು ಮೇಜು ಅಕ್ಕಪಕ್ಕದಲ್ಲೇ ಒಮ್ಮೆಗೇ ಖಾಲಿಯಾಗುವವರೆಗೆ ಕಾಯಬೇಕು, ಅದಂತೂ ಆಗುವುದಿಲ್ಲ. ಮೊದಲೇ ನಾಲ್ಕು-ನಾಲ್ಕಾಗಿ ಒಡೆದುಕೊಂಡು ಬನ್ನಿ. ಎರಡು ಹೆಸರಲ್ಲಿ ಬರೆಸಿ. ಯಾರ ಜೊತೆ ಯಾರು ಎಂಬ ಚರ್ಚೆಯನ್ನು ಬಾಗಿಲಲ್ಲಿ ನಿಂತು ಮಾಡಬೇಡಿ. ಮೇಜಿನಲ್ಲಿ ಇಬ್ಬರು ಅಪರಿಚಿತರಿದ್ದು ಎರಡು ಕುರ್ಚಿ ಖಾಲಿಯಿದ್ದರೆ ಕೂತುಬಿಡಿ, ಅದೇ ಇಲ್ಲಿನ ವಾಡಿಕೆ. ಇನ್ನೂ ಬಾರದ ಗೆಳೆಯನಿಗೆ ಬ್ಯಾಗ್ ಇಟ್ಟು ಜಾಗ ಹಿಡಿಯುವುದು ಮಾತ್ರ ಸಲ್ಲದು, ಹೊರಗೆ ವಯಸ್ಸಾದವರು ನಿಂತಿರುತ್ತಾರೆ.

ಇಲ್ಲಿ ದೋಸೆಯ ಲೆಕ್ಕ ಅರ್ಥಮಾಡಿಕೊಂಡರೆ ಅರ್ಧ ಕೆಲಸ ಮುಗಿದಂತೆ. ದೊಡ್ಡ ಹೆಂಚಿನ ಮೇಲೆ ದೋಸೆಗಳನ್ನು ಒಂದೊಂದಾಗಿ ಹುಯ್ಯುವುದಿಲ್ಲ. ಹೆಂಚಿಗೆ ನೀರು ಚಿಮುಕಿಸಿ ಪೊರಕೆಯಲ್ಲಿ ಗುಡಿಸಿ, ಬಿಸಿ ಹದಕ್ಕೆ ತಂದು, ಒಂದು ಡಜನ್ನೋ ಹೆಚ್ಚೋ ಒಟ್ಟಿಗೆ ಹುಯ್ದು, ತುಪ್ಪ ಹಾಕಿ, ಪಲ್ಯ ಇಟ್ಟು, ಎಲ್ಲವನ್ನೂ ಒಟ್ಟಿಗೇ ಎಬ್ಬಿಸುತ್ತಾರೆ. ಬಡಿಸುವವರು ತೋಳಿನ ಮೇಲೆ ತಟ್ಟೆ ಪೇರಿಸಿಕೊಂಡು ಬರುವುದು ಈ ಕಾರಣಕ್ಕೇ. ಹಾಗಾಗಿ ನಿಮ್ಮ ಮೇಜಿನ ಆರ್ಡರ್ ಒಂದೇ ಉಸಿರಿಗೆ ಹೇಳಿ. "ಎರಡು ತನ್ನಿ, ಆಮೇಲೆ ನೋಡೋಣ" ಎಂದರೆ ಆ ಆಮೇಲಿನ ದೋಸೆ ಮುಂದಿನ ಹೆಂಚಿಗೆ ಬೀಳುತ್ತದೆ, ಅದು ಬರುವುದಕ್ಕೆ ಹತ್ತು ಹದಿನೈದು ನಿಮಿಷ. ಇಬ್ಬರು ತಿಂದು ಕೂತಿರುತ್ತಾರೆ, ಇಬ್ಬರು ನೋಡುತ್ತಾ ಕೂತಿರುತ್ತಾರೆ. ನಾಲ್ಕು ಜನರ ಮೇಜಿಗೆ ಮೂರು ಮಸಾಲೆ ದೋಸೆ ಸಾಕು, ಎರಡು ಮೇಜಿಗೂ ಸೇರಿ ಆರು. ಎರಡಾದರೆ ಕಡಿಮೆ ಅನ್ನಿಸುತ್ತದೆ, ನಾಲ್ಕಾದರೆ ಶಂಕರಪುರದ ಇಡ್ಲಿ ಸೋಲುತ್ತದೆ.

ದೋಸೆ ಬಂದ ತಕ್ಷಣ ತಿನ್ನಿ. ಫೋಟೋ ಬೇಕಾದರೆ ಒಂದೇ ಒಂದು, ಒಬ್ಬರೇ ತೆಗೆಯಲಿ. ಮಡಿಸಿದ ದೋಸೆಯೊಳಗೆ ಬಿಸಿ ಆಲೂಗಡ್ಡೆ ಪಲ್ಯ ಹಬೆ ಬಿಡುತ್ತಿರುತ್ತದೆ. ಆ ಹಬೆಯನ್ನು ಒಳಗಿನಿಂದ ಕುಡಿಯುತ್ತಾ ಗರಿ ಮೆತ್ತಗಾಗುತ್ತದೆ, ಐದು ನಿಮಿಷಕ್ಕೆ ಅಂಚಿನ ಸದ್ದೇ ಹೋಗಿರುತ್ತದೆ. ಪಾರ್ಸೆಲ್ ದೋಸೆ ಮಂಕಾಗುವುದೂ ಇದರಿಂದಲೇ, ಡಬ್ಬಿಯಲ್ಲಿ ಹಬೆಗೆ ಹೋಗಲು ಬೇರೆ ದಾರಿಯಿಲ್ಲ. ವಿದ್ಯಾರ್ಥಿ ಭವನದ ದೋಸೆ ಹೊರಗೆ ಗರಿ, ಒಳಗೆ ದಪ್ಪ ಮತ್ತು ಮೃದು. ಗಾತ್ರದಲ್ಲಿ ಚಿಕ್ಕದಾದರೂ ಕಾಗದದಂಥ ದೋಸೆಗಿಂತ ಹೊಟ್ಟೆ ಹೆಚ್ಚು ತುಂಬುತ್ತದೆ. ಜೊತೆಗೆ ಸಾಂಬಾರ್ ಇಲ್ಲ, ತೆಳು ಕಾಯಿ ಚಟ್ನಿ ಮಾತ್ರ. ಸಾಂಬಾರ್ ಕೇಳಿ ಬೇಸರಪಟ್ಟುಕೊಳ್ಳಬೇಡಿ. ತುಪ್ಪದ ಘಮ ಮತ್ತು ಹಿಟ್ಟಿನ ಹದವಾದ ಹುಳಿ ಇವೆರಡನ್ನೂ ಹುಣಸೆಯ ಸಾಂಬಾರ್ ಮುಚ್ಚಿಹಾಕುತ್ತದೆ, ಚಟ್ನಿ ಎತ್ತಿ ತೋರಿಸುತ್ತದೆ. ಅಂಚಿನಿಂದ ಶುರುಮಾಡಿ ನಡುವಿಗೆ ಬನ್ನಿ. ಇಲ್ಲಿ ಕಾಫಿ ಬಿಟ್ಟುಬಿಡಿ, ಅಥವಾ ತೀರಾ ಬೇಕೆಂದವರು ಬೈ ಟು ಹೇಳಿ. ಹಾಲು ಕುಡಿದರೆ ಹೊಟ್ಟೆ ಭಾರ, ದಿನದ ಒಳ್ಳೆಯ ಕಾಫಿ ಇನ್ನೂ ಮುಂದಿದೆ.

ತಿಂದು ಮುಗಿದ ಕೂಡಲೇ ಎದ್ದುಬಿಡಿ. ವರ್ಷಕ್ಕೊಮ್ಮೆ ಸೇರುವವರಿಗೆ ಮಾತು ಎಷ್ಟಿರುತ್ತದೆ ಎಂದು ಯಾರಿಗೆ ಗೊತ್ತಿಲ್ಲ! ಆದರೆ ನಿಮ್ಮ ಕುರ್ಚಿಯ ಹಿಂದೆ ಯಾರೋ ನಿಂತು ಕಾಯುತ್ತಿರುವಾಗ ಆ ಮಾತು ಸುಖವಾಗಿ ಬರುವುದಿಲ್ಲ. ಗಾಂಧಿ ಬಜಾರಿನ ಹೂವು, ಬಾಳೆಎಲೆಯ ಸಾಲು ನೋಡುತ್ತಾ ಬ್ಯೂಗಲ್ ರಾಕ್ ಕಡೆಗೆ ನಡೆಯಿರಿ. ಬಂಡೆಯ ಮೇಲೆ ಮರದ ನೆರಳಲ್ಲಿ ಕೂತು ಎಷ್ಟು ಹೊತ್ತಾದರೂ ಹರಟಬಹುದು, ಪಕ್ಕದಲ್ಲೇ ದೊಡ್ಡ ಬಸವಣ್ಣ. ಕನಿಷ್ಠ ಒಂದೂವರೆ ಗಂಟೆ ಇಲ್ಲಿಗೆ ಇಡಿ. ಇದು ಹೊತ್ತು ಕಳೆಯಲೆಂದು ತುರುಕಿದ್ದಲ್ಲ. ತುಪ್ಪದ ದೋಸೆ ಹೊಟ್ಟೆಯಿಂದ ಇಳಿಯಲು ಅಷ್ಟು ಹೊತ್ತು ಬೇಕೇ ಬೇಕು. ಹಿಂದಿರುಗುವಾಗ ಗಾಂಧಿ ಬಜಾರಿನ ಸುಬ್ಬಮ್ಮನ ಅಂಗಡಿಯಲ್ಲಿ ಹುರಿಗಾಳು, ಹಪ್ಪಳ, ಚಟ್ನಿಪುಡಿ ಕಟ್ಟಿಸಿಕೊಳ್ಳಬಹುದು. ಊರಿಗೆ ಒಯ್ಯಲು ಕೆಡದ ಪದಾರ್ಥ ಅದು.

ಒಂಬತ್ತೂವರೆ ಹೊತ್ತಿಗೆ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್, ಶಂಕರ ಮಠದ ಹತ್ತಿರ. 1965ರಿಂದ ನಡೆಯುತ್ತಿರುವ ಪುಟ್ಟ ಜಾಗ. ಕೂರಲು ವ್ಯವಸ್ಥೆಯಿಲ್ಲ, ದುಡ್ಡು ಕೊಟ್ಟು, ತಟ್ಟೆ ಹಿಡಿದು ರಸ್ತೆ ಬದಿಯಲ್ಲಿ ನಿಂತು ತಿನ್ನುವುದು. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಟೀ. ಇಷ್ಟೇ ಪಟ್ಟಿ. ಇಲ್ಲೂ ಸಾಂಬಾರ್ ಇಲ್ಲ. ಚಟ್ನಿ ಮಾತ್ರ ಕೇಳಿದಷ್ಟು ಸಲ ಹಾಕುತ್ತಾರೆ, ಅದಕ್ಕೇ ಬೇರೆ ಜಾಗವಿದೆ, ತಟ್ಟೆ ಹಿಡಿದು ಹೋಗಬೇಕು. ಎಂಟು ಜನರೂ ಸಾಲಿನಲ್ಲಿ ನಿಲ್ಲಬೇಡಿ. ಒಬ್ಬರು ದುಡ್ಡು ಕಟ್ಟಲಿ, ಇಬ್ಬರು ತಟ್ಟೆ ಹೊರಲಿ, ಉಳಿದವರು ಗೋಡೆಯ ಪಕ್ಕ ನಾಲ್ಕಡಿ ಜಾಗ ನೋಡಿಕೊಳ್ಳಲಿ. ಅಳತೆ ಹೀಗಿರಲಿ: ನಾಲ್ಕು ಪ್ಲೇಟ್ ಇಡ್ಲಿ, ಅಂದರೆ ತಲೆಗೊಂದು. ನಾಲ್ಕು ವಡೆ, ತಲೆಗರ್ಧ. ಎರಡು ಖಾರಾಬಾತ್, ಎರಡು ಕೇಸರಿಬಾತ್ ನಡುವೆ ಇಟ್ಟು ಎಲ್ಲರೂ ಎರಡೆರಡು ಚಮಚ. ಖಾರಾಬಾತ್-ಕೇಸರಿಬಾತ್ ಒಂದೇ ತಟ್ಟೆಯಲ್ಲಿ ಬಂದರೆ ಅದೇ ಚೌಚೌಬಾತ್, ಖಾರದ ತುದಿಗೆ ಸಿಹಿ ಮುಟ್ಟಿಸಿಕೊಂಡು ತಿನ್ನುವ ಸುಖ ಅದರದು. ಇಡ್ಲಿಯನ್ನು ಚಟ್ನಿಯಲ್ಲಿ ಅದ್ದುವುದಕ್ಕಿಂತ ಚಟ್ನಿಯೊಳಗೆ ಮುರಿದು ಒಂದು ನಿಮಿಷ ಬಿಡಿ. ಒಳ್ಳೆಯ ಇಡ್ಲಿಯ ತೂತುತೂತಿನ ಒಡಲು ಚಟ್ನಿಯನ್ನು ಹೀರಿಕೊಂಡು ಆಕಾರವನ್ನೂ ಉಳಿಸಿಕೊಳ್ಳುತ್ತದೆ. ಹೀರದೆ ಜಾರಿದರೆ ಹಿಟ್ಟು ಹುದುಗಿಲ್ಲ, ಮುಟ್ಟಿದಾಗಲೇ ಪುಡಿಯಾದರೆ ರವೆ ಉರುಟಾಗಿದೆ ಅಂತ ತಿಳಿಯಿರಿ.

ಕಾಫಿ ಇಲ್ಲಿ. ಪೂರ್ತಿ ಲೋಟ ಬೇಕೋ ಬೈ ಟು ಸಾಕೋ ಅವರವರ ಇಷ್ಟ. ಕೊನೆಯಲ್ಲಿ ಹೇಳಿ, ಇಡ್ಲಿಯ ಜೊತೆ ಅಲ್ಲ. ಫಿಲ್ಟರ್ ಕಾಫಿಗೆ ಬಿಸಿಯೇ ಅರ್ಧ ರುಚಿ, ಕೈಯಲ್ಲಿ ತಟ್ಟೆ ಇರುವಾಗ ಅದು ಗೋಡೆಯ ಮೇಲೆ ಆರುತ್ತಿರುತ್ತದೆ.

ಎಂಟಿಆರ್ ಏಕೆ ಬಿಟ್ಟೆವು ಎಂದು ಕೇಳುತ್ತೀರಿ. ಬಿಟ್ಟಿಲ್ಲ, ಬೇರೆ ದಿನಕ್ಕೆ ಇಟ್ಟಿದ್ದೇವೆ. ಉಡುಪಿ ಕಡೆಯ ಪಾರಂಪಳ್ಳಿಯಿಂದ ಬಂದ ಮಯ್ಯ ಸಹೋದರರು 1924ರಲ್ಲಿ ಶುರುಮಾಡಿದ ಈ ಮನೆ ರವೆ ಇಡ್ಲಿಯ ತವರು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದಾದಾಗ ಇಡ್ಲಿಯನ್ನು ರವೆಯಲ್ಲಿ ಮಾಡಿ ನೋಡಿದ್ದರಿಂದ ಅದು ಹುಟ್ಟಿತು ಎಂಬುದು ಅವರ ಮನೆಯ ಮಾತು. ಅಲ್ಲಿನ ಮಧ್ಯಾಹ್ನದ ಊಟ ಒಂದಾದ ಮೇಲೊಂದು ಬಡಿಸುತ್ತಾ ಹೋಗುವ ದೀರ್ಘ ಊಟ. ಅದಕ್ಕೆ ಖಾಲಿ ಹೊಟ್ಟೆ ಬೇಕು, ಎರಡು ಗಂಟೆ ಬೇಕು. ಬೆಳಗ್ಗೆ ಎರಡು ಕಡೆ ತಿಂದು ಹೋದರೆ ಒಳ್ಳೆಯ ಊಟವೊಂದನ್ನು ಎಲೆಯಲ್ಲೇ ಬಿಟ್ಟು ಏಳಬೇಕಾಗುತ್ತದೆ. ನಿಮ್ಮ ಗುಂಪಿನಲ್ಲಿ ಯಾರಾದರೂ ಬೆಂಗಳೂರಿಗೇ ಮೊದಲ ಸಲ ಬರುತ್ತಿದ್ದರೆ ಮಾತ್ರ ಬ್ರಾಹ್ಮಿನ್ಸ್ ಬದಲು ಇಲ್ಲಿ ರವೆ ಇಡ್ಲಿ, ಬೆಳ್ಳಿ ಲೋಟದ ಕಾಫಿ ಎಂದು ಬದಲಿಸಿಕೊಳ್ಳಿ.

ಹತ್ತೂವರೆಯಿಂದ ಲಾಲ್‌ಬಾಗ್. 240 ಎಕರೆಯ ತೋಟ, ಒಳಗೆ ಕೆಂಪೇಗೌಡರ ಗೋಪುರ ಹೊತ್ತ ಆ ಹಳೆಯ ಬಂಡೆ. ನಡೆಯುವವರು ನಡೆಯಲಿ, ಉಳಿದವರು ಮರದ ಬುಡದಲ್ಲಿ ಮಲಗಲಿ. ಮಧ್ಯಾಹ್ನದ ಊಟದವರೆಗೆ ಏನೂ ತಿನ್ನಬೇಡಿ. ಕಡಲೆಕಾಯಿ ಕೂಡ ಬೇಡ. ನೀರು ಮಾತ್ರ ಕುಡಿಯುತ್ತಿರಿ, ತುಪ್ಪ-ಉಪ್ಪಿನ ತಿಂಡಿಯ ಮೇಲೆ ಬಿಸಿಲಲ್ಲಿ ನಡೆದರೆ ತಲೆನೋವು ಬರುವುದು ನೀರು ಸಾಲದೆ.

ಮಧ್ಯಾಹ್ನ ಗುಂಪು ಒಡೆಯಲಿ. ಎಲ್ಲರೂ ಎಲ್ಲ ಹೊತ್ತೂ ಜೊತೆಗೇ ತಿನ್ನಬೇಕು ಎಂಬ ಹಟದಿಂದ ಇಂಥ ದಿನಗಳು ಹೆಚ್ಚು ಹಾಳಾಗುತ್ತವೆ. ಮಾಂಸ ತಿನ್ನುವ ಮೂವರನ್ನು ಸಸ್ಯಾಹಾರಿ ಎಲೆಯ ಮುಂದೆ ಕೂರಿಸುವುದೂ ಬೇಡ, ಉಳಿದವರನ್ನು ಮಿಲಿಟರಿ ಹೋಟೆಲ್‌ನಲ್ಲಿ ಮೊಸರನ್ನ ಹುಡುಕುವಂತೆ ಮಾಡುವುದೂ ಬೇಡ. ಮೂವರು ಜಯನಗರದ ಶಿವಾಜಿ ಮಿಲಿಟರಿ ಹೋಟೆಲ್‌ಗೆ ಆಟೋ ಹಿಡಿಯಲಿ. ಹನ್ನೆರಡೂವರೆಗೇ ಹೊರಟರೆ ಒಳ್ಳೆಯದು, ಏಕೆಂದರೆ ಮಿಲಿಟರಿ ಹೋಟೆಲ್‌ಗಳಲ್ಲಿ ಮಾಡಿದ್ದು ಮುಗಿದರೆ ಮುಗಿಯಿತು, ಎರಡು ಗಂಟೆಯ ಮೇಲೆ ಬಿರಿಯಾನಿಯ ತಳ ಮಾತ್ರ ಸಿಗಬಹುದು. ಮೂವರಿಗೆ ಎರಡು ದೊನ್ನೆ ಬಿರಿಯಾನಿ, ಒಂದು ಚಾಪ್ಸ್, ಕಾಲಿನ ಸೂಪ್ ಒಂದು. ದೊನ್ನೆ ಬಿರಿಯಾನಿಯ ಅಕ್ಕಿ ಬಾಸ್ಮತಿಯಲ್ಲ, ಜೀರಗ ಸಾಂಬಾ ಎಂಬ ಸಣ್ಣ ಕಾಳು. ಅದು ಕೊತ್ತಂಬರಿ-ಪುದೀನ-ಹಸಿಮೆಣಸಿನ ಮಸಾಲೆಯನ್ನು ಕಾಳುಕಾಳಿಗೂ ಹಿಡಿದುಕೊಳ್ಳುತ್ತದೆ, ಉದ್ದದ ಅಕ್ಕಿಯ ಮೈಮೇಲೆ ಮಸಾಲೆ ಜಾರುತ್ತದೆ. ಒಣಗಿದ ಎಲೆಯ ದೊನ್ನೆಗೂ ಬಿಸಿ ಅನ್ನ ತಾಕಿದಾಗ ಒಂದು ಘಮ ಬರುತ್ತದೆ, ಅದಕ್ಕೇ ತಟ್ಟೆಗೆ ಸುರಿಸಿಕೊಳ್ಳದೆ ದೊನ್ನೆಯಲ್ಲೇ ತಿನ್ನಿ. ಮಿಲಿಟರಿ ಹೋಟೆಲ್‌ಗಳಲ್ಲಿ ಮುದ್ದೆ ಸಿಕ್ಕರೆ ಬಿರಿಯಾನಿ ಒಂದು ಕಡಿಮೆ ಮಾಡಿ. ಮುದ್ದೆ ಗೊತ್ತಿಲ್ಲದ ಗೆಳೆಯನಿಗೆ ಮೊದಲೇ ಹೇಳಿಕೊಡಿ: ಅಡಿಕೆ ಗಾತ್ರ ಮುರಿದು, ಸಾರಿನಲ್ಲಿ ಹೊರಳಿಸಿ, ಅಗಿಯದೆ ನುಂಗುವುದು. ಅಗಿದರೆ ಹಲ್ಲಿಗೆ ಮೆತ್ತಿ ಸಾರಿನ ರುಚಿಯೇ ಗೊತ್ತಾಗದು.

ಉಳಿದ ಐವರಿಗೆ ಬಸವನಗುಡಿಯ ಕಾಮತ್ ಬ್ಯೂಗಲ್ ರಾಕ್‌ನಲ್ಲಿ ಜೋಳದ ರೊಟ್ಟಿ ಊಟ ಸರಿಹೊಂದುತ್ತದೆ. ಅಕ್ಕಿ-ಉದ್ದಿನ ಬೆಳಗಿನ ಮೇಲೆ ಮತ್ತೆ ಅನ್ನ ಸಾಂಬಾರ್ ಎಂದರೆ ನಾಲಿಗೆ ಸೋಲುತ್ತದೆ. ಜೋಳ, ಎಣ್ಣೆಗಾಯಿ, ಶೇಂಗಾ ಚಟ್ನಿ ಅಂದರೆ ಅದು ಮತ್ತೆ ಏಳುತ್ತದೆ. ಎಲೆ ಊಟ ಹಂಚಿಕೊಳ್ಳಲು ಬರುವುದಿಲ್ಲ, ಆದ್ದರಿಂದ ರೊಟ್ಟಿ ಎರಡಕ್ಕೇ ನಿಲ್ಲಿಸಿ, ಅನ್ನ ಬೇಡವೆಂದು ಬಡಿಸುವ ಮುಂಚೆಯೇ ಕೈ ಅಡ್ಡ ಮಾಡಿ. ಎಲೆಯ ಮೇಲೆ ಹಾಕಿಸಿಕೊಂಡು ಬಿಡುವುದು ಮಾಡಿದವರಿಗೂ ಬಡಿಸಿದವರಿಗೂ ಮಾಡುವ ಅನ್ಯಾಯ.

ಆಮೇಲೆ ನಿದ್ದೆ. ಯಾರ ಮನೆಯಲ್ಲೋ ರೂಮಿನಲ್ಲೋ ಎರಡು ಗಂಟೆ ಮಲಗಿ ಏಳಿ. ಇದನ್ನು ತಪ್ಪಿಸಿದವರು ಸಂಜೆ ಏಳಕ್ಕೆ ಬಾಡಿರುತ್ತಾರೆ.

ಸಂಜೆ ಆರೂವರೆಗೆ ವಿಶ್ವೇಶ್ವರಪುರದ ತಿಂಡಿ ಬೀದಿ, ಸಜ್ಜನ್ ರಾವ್ ವೃತ್ತದ ಪಕ್ಕ. ಬೆಳಗ್ಗೆ ಅಲ್ಲಿಗೆ ಹೋಗಿ ಪ್ರಯೋಜನವಿಲ್ಲ, ಅದು ಸಂಜೆ ಅರಳುವ ಬೀದಿ. ಏಳೂವರೆಯ ಮೇಲೆ ಭುಜಕ್ಕೆ ಭುಜ ತಾಗುವಷ್ಟು ಜನ, ಅದಕ್ಕೇ ಬೇಗ ಬನ್ನಿ. ಮೊದಲು ಬೀದಿಯ ಈ ತುದಿಯಿಂದ ಆ ತುದಿಗೆ ಏನೂ ಕೊಳ್ಳದೆ ಒಮ್ಮೆ ನಡೆದು ನೋಡಿ. ಮೊದಲ ಅಂಗಡಿಯಲ್ಲೇ ತಲೆಗೊಂದು ಪ್ಲೇಟ್ ತೆಗೆದುಕೊಂಡವರು ಕೊನೆಯ ಅಂಗಡಿಯ ಹೋಳಿಗೆಯನ್ನು ನೋಡಿಕೊಂಡು ಹೋಗುತ್ತಾರೆ. ನಡೆದು ಬಂದ ಮೇಲೆ ಐದು ಪದಾರ್ಥ ಆಯ್ದುಕೊಳ್ಳಿ, ಪ್ರತಿಯೊಂದಕ್ಕೂ ಎರಡೇ ಪ್ಲೇಟ್, ನಾಲ್ವರಿಗೊಂದರಂತೆ. ಎಣ್ಣೆಯಿಂದ ಆಗತಾನೇ ತೆಗೆದ ಬಜ್ಜಿ ಮೊದಲು. ಆಮೇಲೆ ಪಡ್ಡು ಅಥವಾ ಅಕ್ಕಿ ರೊಟ್ಟಿ. ಅದಾದ ಮೇಲೆ ಮಸಾಲಪುರಿ. ಬಟಾಣಿಯ ಬಿಸಿ ಗ್ರೇವಿ ಹಾಕಿದ ಇದು ನಮ್ಮ ಕಡೆಯ ಚಾಟ್, ಬಡಗಣ ನಾಡಿನ ಚಾಟ್‌ನ ಹಾಗೆ ಮೊಸರು-ಹುಣಸೆಯ ಮೇಲೆ ನಿಂತದ್ದಲ್ಲ. ಗ್ರೇವಿ ಕುದಿಯುತ್ತಿರುವ ಅಂಗಡಿಯಲ್ಲಿ ಮಾತ್ರ ತೆಗೆದುಕೊಳ್ಳಿ. ಆಮೇಲೆ ಬೇಳೆ ಹೋಳಿಗೆ, ತುಪ್ಪ ಹಾಕಿಸಿ. ಕೊನೆಗೆ ಗುಲ್ಕನ್ ಐಸ್‌ಕ್ರೀಮ್. ಆಲೂಗಡ್ಡೆಯನ್ನು ಕಡ್ಡಿಗೆ ಸುತ್ತಿದ್ದು, ಚೀಸ್ ತುರಿದದ್ದು ಎಲ್ಲ ಊರಲ್ಲೂ ಸಿಗುತ್ತದೆ, ಅವಕ್ಕೆ ಹೊಟ್ಟೆ ಖರ್ಚು ಮಾಡಬೇಡಿ.

ಬೀದಿ ತಿಂಡಿಯಲ್ಲಿ ಹೊಟ್ಟೆ ಕೆಡಿಸುವುದು ಸಾಮಾನ್ಯವಾಗಿ ಬಿಸಿ ಪದಾರ್ಥವಲ್ಲ. ಬಹಳ ಹೊತ್ತು ತೆರೆದಿಟ್ಟ ಕಾಯಿ ಚಟ್ನಿ, ಹೆಚ್ಚಿಟ್ಟ ಹಸಿ ಈರುಳ್ಳಿ, ಕುಡಿಯುವ ನೀರು, ಐಸ್ ತುಂಡು, ಇವು. ಕಣ್ಣೆದುರು ಬೆಂದದ್ದು, ಗಿರಾಕಿ ಹೆಚ್ಚಿದ್ದು ಬೇಗ ಬೇಗ ಖಾಲಿಯಾಗುವ ಅಂಗಡಿ, ಜೊತೆಯಲ್ಲಿ ಸ್ವಂತ ನೀರಿನ ಬಾಟಲಿ, ಇಷ್ಟು ನೋಡಿಕೊಂಡರೆ ಭಯವಿಲ್ಲ. ಬಾಣಲೆಯ ಎಣ್ಣೆ ಕಪ್ಪಾಗಿ ನೊರೆ ಕಟ್ಟುತ್ತಿದ್ದರೆ ಮುಂದಿನ ಅಂಗಡಿಗೆ ಹೋಗಿ. ಹೊರಡುವಾಗ ಅದೇ ಬೀದಿಯ ವಿ.ಬಿ. ಬೇಕರಿಯಲ್ಲಿ ಖಾರಾ ಬನ್, ಖಾರ ಹಚ್ಚಿದ ಕಾಂಗ್ರೆಸ್ ಕಡಲೆಬೀಜ, ದಮ್ರೂಟ್ ಕಟ್ಟಿಸಿ. ದಮ್ರೂಟ್ ಅಂದರೆ ಬೂದುಗುಂಬಳದ ಒಂದು ಸಿಹಿ. ರಾತ್ರಿ ರೈಲಿನಲ್ಲಿ ಹೋಗುವ ಗೆಳೆಯನಿಗೆ ಖಾರಾ ಬನ್ನಿಗಿಂತ ಒಳ್ಳೆಯ ಬುತ್ತಿ ಇಲ್ಲ.

ಈರುಳ್ಳಿ-ಬೆಳ್ಳುಳ್ಳಿ ತಿನ್ನದವರ ವಿಷಯ. ಮಸಾಲೆ ದೋಸೆಯ ಪಲ್ಯದಲ್ಲಿ ಈರುಳ್ಳಿ ಇದ್ದೇ ಇರುತ್ತದೆ ಎಂದುಕೊಳ್ಳಿ. ಬೆಂಗಳೂರಿನ ಹಲವು ಕಡೆ ಒಳಗೆ ಬಳಿಯುವ ಕೆಂಪು ಚಟ್ನಿಯಲ್ಲಿ ಬೆಳ್ಳುಳ್ಳಿ ಇರುತ್ತದೆ. ಹಾಗಾಗಿ ಅವರಿಗೆ ಸಾದಾ ದೋಸೆ ಹೇಳಿ, "ಪಲ್ಯ ಬೇಡ, ಕೆಂಪು ಚಟ್ನಿ ಬೇಡ" ಎಂದು ಆರ್ಡರ್ ಹೇಳುವಾಗಲೇ ಸ್ಪಷ್ಟಪಡಿಸಿ, ತಟ್ಟೆ ಬಂದ ಮೇಲೆ ಅಲ್ಲ. ಖಾರಾಬಾತ್, ಸಾಗು, ವಡೆ ಎಲ್ಲವನ್ನೂ ಕೇಳಿಯೇ ತಿನ್ನಲಿ. ತಿಂಡಿ ಬೀದಿಯಲ್ಲಿ ಅವರಿಗೆ ಹೋಳಿಗೆ, ಐಸ್‌ಕ್ರೀಮ್ ನಿಶ್ಚಿಂತೆ, ಮಸಾಲಪುರಿ ಬೇಡ.

ಸಕ್ಕರೆ ಕಾಯಿಲೆ ಇರುವವರಿಗೆ ದೊಡ್ಡ ಅಪಾಯ ಸಿಹಿಗಿಂತ ಸಾಲು. ಮಾತ್ರೆ ನುಂಗಿ ಅಥವಾ ಇನ್ಸುಲಿನ್ ತೆಗೆದುಕೊಂಡು ಹೋಟೆಲ್ ಮುಂದೆ ಮುಕ್ಕಾಲು ಗಂಟೆ ನಿಂತರೆ ಸಕ್ಕರೆ ದಿಢೀರ್ ಇಳಿಯಬಹುದು. ತಟ್ಟೆ ಯಾವಾಗ ಬರುತ್ತದೆಂದು ಖಾತ್ರಿಯಿಲ್ಲದ ದಿನ ಔಷಧಿಯ ಹೊತ್ತನ್ನು ಹೇಗೆ ಹೊಂದಿಸಬೇಕೆಂದು ಅವರು ಮೊದಲೇ ತಮ್ಮ ವೈದ್ಯರನ್ನು ಕೇಳಿಕೊಳ್ಳಲಿ, ಜೇಬಿನಲ್ಲಿ ಒಂದಿಷ್ಟು ಗ್ಲೂಕೋಸ್ ಇರಲಿ, ಗುಂಪಿನಲ್ಲಿ ಇನ್ನೊಬ್ಬರಿಗಾದರೂ ಅದು ಎಲ್ಲಿದೆ ಅಂತ ಗೊತ್ತಿರಲಿ. ಕಾಫಿಗೆ ಸಕ್ಕರೆ ಮೊದಲೇ ಬೆರೆತಿರುವುದು ಹೆಚ್ಚು, "ಸಕ್ಕರೆ ಇಲ್ಲದೆ" ಎಂದು ದುಡ್ಡು ಕಟ್ಟುವಾಗಲೇ ಹೇಳಬೇಕು. ಇಡ್ಲಿ, ಬಾತ್, ದೋಸೆ ಎಲ್ಲವೂ ಪಿಷ್ಟವೇ, ಅರ್ಧ ತಟ್ಟೆಯ ಈ ಕ್ರಮ ಅವರಿಗೂ ಒಳ್ಳೆಯದು.

ಹಣವನ್ನು ಬೆಳಗ್ಗೆಯೇ ಒಂದೇ ಕೈಗೆ ಕೊಟ್ಟುಬಿಡಿ. ಮಧ್ಯಾಹ್ನದ ಊಟ ಬಿಟ್ಟು ಉಳಿದದ್ದಕ್ಕೆಲ್ಲ ತಲೆಗೆ 500 ರೂಪಾಯಿ ಕೂಡಿಸಿದರೆ ಸ್ವಲ್ಪ ಉಳಿಯಬೇಕು, ಮಧ್ಯಾಹ್ನದ್ದನ್ನು ಆಯಾ ಗುಂಪು ನೋಡಿಕೊಳ್ಳಲಿ. ಮಾಂಸದ ಊಟದ ಖರ್ಚನ್ನು ರೊಟ್ಟಿ ತಿಂದವರ ಮೇಲೆ ಹಂಚುವುದರಿಂದ ಗೆಳೆತನದಲ್ಲಿ ಸಣ್ಣ ಕಸಿವಿಸಿ ಉಳಿಯುತ್ತದೆ, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಖಜಾಂಚಿಯ ಜೇಬಿನಲ್ಲಿ ನೂರು, ಐವತ್ತು, ಇಪ್ಪತ್ತರ ನೋಟು ಸಾಕಷ್ಟಿರಲಿ. 2025ರ ಜುಲೈನಲ್ಲಿ ತೆರಿಗೆ ನೋಟಿಸುಗಳು ಬಂದಾಗ ಬೆಂಗಳೂರಿನ ಎಷ್ಟೋ ಸಣ್ಣ ಅಂಗಡಿಗಳು ಯುಪಿಐ ಫಲಕ ತೆಗೆದು ನಗದು ಮಾತ್ರ ಎಂದು ಬರೆದುಕೊಂಡಿದ್ದವು. ಈಗಲೂ ಬೀದಿಬದಿಯಲ್ಲಿ ನಗದು ಕೊಟ್ಟರೆ ಕೆಲಸ ಬೇಗ. ಜನಜಂಗುಳಿಯಲ್ಲಿ ಫೋನ್ ಸಿಗ್ನಲ್ ಕೈಕೊಟ್ಟು, ಬಜ್ಜಿ ಆರುವುದನ್ನು ನೋಡುತ್ತಾ ನಿಲ್ಲುವುದೂ ತಪ್ಪುತ್ತದೆ. ಕೂತು ತಿನ್ನುವ ಹೋಟೆಲ್‌ಗಳಲ್ಲಿ ಬಡಿಸಿದವರಿಗೆ ಒಂದಿಷ್ಟು ಇನಾಮು ಬಿಟ್ಟು ಬನ್ನಿ, ತೋಳಿನ ಮೇಲೆ ಅಷ್ಟು ಬಿಸಿ ತಟ್ಟೆ ಹೊತ್ತು ತಂದ ಕೈ ಅದು.

ಯಾರಾದರೂ ತಡವಾಗಿ ಬಂದರೆ ಅವರಿಗಾಗಿ ಎಲ್ಲರೂ ಕಾಯಬೇಡಿ. ಮುಂದಿನ ಜಾಗದ ಹೆಸರು ಹೇಳಿ, ಅಲ್ಲಿಗೇ ಬರಲಿ. ಮಳೆ ಬಂದರೆ ಬ್ಯೂಗಲ್ ರಾಕ್, ಲಾಲ್‌ಬಾಗ್ ಎರಡೂ ಹೋಗುತ್ತವೆ. ಆಗ ಬ್ರಾಹ್ಮಿನ್ಸ್‌ನ ಕಾಫಿ ಬಿಟ್ಟು ಮೆಟ್ರೋ ಹತ್ತಿ ಮೆಜೆಸ್ಟಿಕ್‌ನಲ್ಲಿ ಬದಲಿಸಿ ಎಂ.ಜಿ. ರಸ್ತೆಗೆ ಹೋಗಿ, ಸೇಂಟ್ ಮಾರ್ಕ್ಸ್ ರಸ್ತೆಯ ಕೋಶೀಸ್‌ನಲ್ಲಿ ಕಾಫಿ ಹೇಳಿ ಕೂರಿ. ಊರಿನಲ್ಲಿ ಹೊತ್ತುಗಟ್ಟಲೆ ಕೂತು ಮಾತಾಡಲು ಹೇಳಿ ಮಾಡಿಸಿದ ಹಳೆಯ ಹೋಟೆಲ್ ಅದು.

ದಿನಾಂಕ ಇನ್ನೂ ಗೊತ್ತುಮಾಡಿಲ್ಲವಾದರೆ ಎರಡು ಕಾಲ ನೋಡಿ. ಡಿಸೆಂಬರ್ ಕೊನೆಯಿಂದ ಜನವರಿ ಪೂರ್ತಿ ಸೊಗಡಿನ ಅವರೆಕಾಯಿ, ಆಗ ತಿಂಡಿ ಬೀದಿಯಲ್ಲಿ ಹಿತಕಿದ ಅವರೆಬೇಳೆಯ ದೋಸೆ, ರೊಟ್ಟಿ ಸಿಗುತ್ತದೆ, ಪಡ್ಡುವಿನ ಜಾಗಕ್ಕೆ ಅದನ್ನು ಹಾಕಿಕೊಳ್ಳಿ. ಇನ್ನೊಂದು, ಕಾರ್ತಿಕ ಮಾಸದ ಕೊನೆಯ ಸೋಮವಾರದ ಕಡಲೆಕಾಯಿ ಪರಿಷೆಗೆ ಮುಂಚಿನ ಶನಿವಾರ. ಪರಿಷೆ ಸೋಮವಾರವಾದರೂ ರೈತರು ಎರಡು ದಿನ ಮೊದಲೇ ಬಂದು ಬುಲ್ ಟೆಂಪಲ್ ರಸ್ತೆಯ ಎರಡೂ ಬದಿ ಕಡಲೆಕಾಯಿ ರಾಶಿ ಹಾಕಿರುತ್ತಾರೆ, ಸೋಮವಾರದ ನೂಕುನುಗ್ಗಲು ಇನ್ನೂ ಇರುವುದಿಲ್ಲ. ಆ ದಿನವಾದರೆ ಲಾಲ್‌ಬಾಗಿಗೆ ಹೋಗಬೇಡಿ. ಹಸಿ, ಹುರಿದ, ಬೇಯಿಸಿದ ಮೂರನ್ನೂ ಒಂದೊಂದು ಸೇರು ಕೊಂಡು ಬಂಡೆಯ ಮೇಲೆ ಕೂತುಬಿಡಿ, ಮಧ್ಯಾಹ್ನದ ಊಟದ ಲೆಕ್ಕವನ್ನು ಮಾತ್ರ ಅರ್ಧಕ್ಕೆ ಇಳಿಸಿಕೊಳ್ಳಿ.